ಬರಿಗಾಲಿನ ವೃತ್ತಿ

ಕೆನಡಾ ದೇಶದ ಟೊರಾಂಟೊದಲ್ಲಿರುವ ನನ್ನ ತಂಗಿಯ ಮೊಮ್ಮಗ ಕಳೆದ ಬೇಸಗೆಯಲ್ಲಿ ಹಲಸೂರಿನ ನಮ್ಮ ಮನೆಗೆ ಬಂದಿದ್ದ. ಹದಿಮೂರು ವರ್ಷದ ಹುಡುಗ. ಮಂಜುಗಡ್ಡೆಯ ಮೇಲೆ ಆಡುವ ಹಾಕಿ ಎಂದರೆ ಅವನಿಗೆ ಪ್ರಾಣ. ನಮ್ಮ ಜಗಲಿಯ ಮೇಲೆ ಕುಳಿತು, ಮಾವಿನಹಣ್ಣು ತಿನ್ನುತ್ತ, ಆ ಆಟದ ವೈಖರಿಯನ್ನೆಲ್ಲ ನನಗೆ ವಿವರಿಸಿದ. ಆಟಕ್ಕಿಂತ ಹೆಚ್ಚಾಗಿ ನನ್ನನ್ನು ಬೆರಗುಗೊಳಿಸಿದ್ದು ಆಟಗಾರರ ಬದುಕಿನ ವಿಚಾರ. ಅಲ್ಲಿ ಆಟಗಾರನಿಗೂ ಕ್ಲಬ್ಬಿಗೂ ನಡುವೆ ಇಷ್ಟು ವರ್ಷಕ್ಕೆ ಇಷ್ಟು ಸಂಬಳ ಎಂದು ಕರಾರುಪತ್ರ ಆಗುತ್ತದಂತೆ. ಆಟಗಾರರದೇ ಒಂದು ಸಂಘವಿದೆಯಂತೆ. ಯಾರಿಗೆ ಎಷ್ಟು ಸಂಬಳವೆಂಬುದು ಶಾಲೆಯ ಹುಡುಗರಿಗೂ ಬಾಯಿಪಾಠವಂತೆ. ಅವರ ರಾಷ್ಟ್ರೀಯ ಹಾಕಿ ಲೀಗು 1917ರಲ್ಲಿ ಮಾಂಟ್ರಿಯಲ್ ನಗರದಲ್ಲಿ ಹುಟ್ಟಿದ್ದು. ನೂರು ವರ್ಷ ಮೀರಿದ ವ್ಯವಸ್ಥೆ.

ಹುಡುಗನಿಗೆ ಶಾಲೆಯಲ್ಲಿ ರಜೆಯ ಕೆಲಸವೊಂದನ್ನು ಕೊಟ್ಟಿದ್ದರು. ತನ್ನ ಹಿರಿಯರ ಊರಿನಲ್ಲಿ ಬದುಕಿದ್ದ ಒಬ್ಬರ ವಿಚಾರವಾಗಿ ಬರೆದುಕೊಂಡು ಬರಬೇಕು. ಹೆಸರು, ಹುಟ್ಟಿದ ವರ್ಷ, ಉದ್ಯೋಗ ಎಂದು ಹಾಳೆಯ ನೆತ್ತಿಯಲ್ಲಿ ಮೂರು ಅಂಕಣಗಳು. ಅವನು ಕೇಳಿದ: "ತಾತ, ಈ ಊರಿನಲ್ಲಿ ಆಟವನ್ನೇ ಉದ್ಯೋಗ ಮಾಡಿಕೊಂಡು ಬದುಕಿದವರು ಯಾರಾದರೂ ಇದ್ದರಾ?"

ಇಲ್ಲವಪ್ಪ ಎಂದು ಹೇಳಿಬಿಡುವುದರಲ್ಲಿದ್ದೆ. ಅಷ್ಟರಲ್ಲಿ ನಮ್ಮಣ್ಣನ ತಗಡಿನ ಟ್ರಂಕು ಜ್ಞಾಪಕಕ್ಕೆ ಬಂತು. ಅದರ ಮುಚ್ಚಳದ ಒಳಮೈಗೆ ಅನ್ನದ ಅಗುಳಿನಿಂದ ಅಂಟಿಸಿದ್ದ ಪತ್ರಿಕೆಯ ಚಿತ್ರವೊಂದಿದೆ. ಬರಿಗಾಲಿನ ತರುಣನೊಬ್ಬ ಚೆಂಡಿನ ಮೇಲೆ ಬಾಗಿದ್ದಾನೆ. ಎದುರಾಳಿ ಇನ್ನೆತ್ತಲೋ ನೋಡುತ್ತಿದ್ದಾನೆ. ಆ ತರುಣ ಬೆಂಗಳೂರಿನ ಅಹಮದ್ ಖಾನ್. ಹುಡುಗನಿಗೆ ಅಂದು ಸಂಜೆ ಹೇಳಿದ್ದನ್ನೇ ಇಂದು ವಾಚಕರ ಮುಂದೆ ಸ್ವಲ್ಪ ವಿಸ್ತಾರವಾಗಿ ಇಡುತ್ತಿದ್ದೇನೆ.

ಅಹಮದ್ ಖಾನರ ಮಾತಿಗೆ ಮುಂಚೆ ದಂಡಿನ ಮಾತು ಬರಬೇಕು. 1809ರಲ್ಲಿ ಇಂಗ್ಲಿಷರು ತಮ್ಮ ಸೈನ್ಯವನ್ನು ಶ್ರೀರಂಗಪಟ್ಟಣದಿಂದ ಎತ್ತಿ, ಹಲಸೂರಿನ ಕೆರೆಯ ಆಚೀಚೆ ನೆಲೆಗೊಳಿಸಿದರು. ಪೇಟೆಯವರು ಅದನ್ನು ದಂಡು ಎಂದೇ ಕರೆದರು. ಸೈನ್ಯದ ಹಿಂದೆ ದರ್ಜಿಗಳು, ಕಂಟ್ರಾಕ್ಟರರು, ಕಟುಕರು, ಅಡಿಗೆಯವರು, ಕುದುರೆ ನೋಡಿಕೊಳ್ಳುವವರು ಬಂದರು. ಅವರ ಜೊತೆಯಲ್ಲಿ ತಮಿಳು ಬಂತು, ದಖನಿ ಉರ್ದು ಬಂತು, ತೆಲುಗು ಬಂತು. 1881ರಲ್ಲಿ ಮೈಸೂರು ಸಂಸ್ಥಾನ ಅರಸರ ಕೈಗೆ ಮರಳಿದಾಗಲೂ ಇಂಗ್ಲಿಷರು ದಂಡನ್ನು ಮಾತ್ರ ಬಿಟ್ಟುಕೊಡಲಿಲ್ಲ. ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಎಂಬ ಹೆಸರಿನಿಂದ ತಮ್ಮ ಆಡಳಿತದಲ್ಲೇ ಇರಿಸಿಕೊಂಡರು. ಅದು ಸಂಸ್ಥಾನಕ್ಕೆ ಹಿಂದಿರುಗಿದ್ದು 1947ರ ಜುಲೈ ತಿಂಗಳಲ್ಲಿ, ಸ್ವಾತಂತ್ರ್ಯಕ್ಕೆ ಇನ್ನು ಕೆಲವೇ ದಿನಗಳಿದ್ದಾಗ. ಪೇಟೆಗೂ ದಂಡಿಗೂ ಒಂದೇ ನಗರಸಭೆ ಆದದ್ದು 1949ರಲ್ಲಿ.

ಸೈನಿಕರಿಗೆ ಕವಾಯತು ಮುಗಿದ ಮೇಲೆ ಹೊತ್ತು ಹೋಗಬೇಕಲ್ಲ. ಅವರು ಕಾಲ್ಚೆಂಡು ಆಡಿದರು. ಮೈದಾನದ ಅಂಚಿನಲ್ಲಿ ನಿಂತು ನೋಡಿದವರು ಸುತ್ತಣ ಬೀದಿಗಳ ಹುಡುಗರು. ಗೆರೆಯಾಚೆ ಹೋದ ಚೆಂಡನ್ನು ಎತ್ತಿಕೊಡುವ ಕೆಲಸ ಅವರದು. ಎತ್ತಿಕೊಡುವ ಬದಲು ಒದ್ದುಕೊಟ್ಟ ಮೊದಲ ಹುಡುಗ ಯಾರೋ, ದಂಡಿನ ಕಾಲ್ಚೆಂಡಿನ ಚರಿತ್ರೆ ಅವನಿಂದಲೇ ಆರಂಭವಾಯಿತೆಂದು ನಾನು ಎಣಿಸುತ್ತೇನೆ. ಕ್ರಮೇಣ ನಮ್ಮವರದೇ ತಂಡಗಳು ಹುಟ್ಟಿದವು. ಬೆಂಗಳೂರು ಕ್ರೆಸೆಂಟ್, ಬೆಂಗಳೂರು ಮುಸ್ಲಿಮ್ಸ್ ಮೊದಲಾದ ಹೆಸರುಗಳು ಊರಿನಲ್ಲಿ ಮನೆಮಾತಾದವು.

1911ರಲ್ಲಿ ಕಲ್ಕತ್ತೆಯ ಮೋಹನ್ ಬಾಗಾನ್ ತಂಡ ಇಂಗ್ಲಿಷರ ಸೈನಿಕ ತಂಡವನ್ನು ಸೋಲಿಸಿ ಐ.ಎಫ್.ಎ. ಷೀಲ್ಡನ್ನು ಗೆದ್ದ ಕಥೆ ದೇಶಕ್ಕೆಲ್ಲ ಗೊತ್ತು. ಬೊಂಬಾಯಿಯಲ್ಲಿ 1891ರಿಂದ ನಡೆಯುತ್ತಿದ್ದ ರೋವರ್ಸ್ ಕಪ್ಪನ್ನು ಮೊಟ್ಟಮೊದಲು ಗೆದ್ದ ಭಾರತೀಯ ತಂಡ ನಮ್ಮ ಬೆಂಗಳೂರು ಮುಸ್ಲಿಮ್ಸ್ ಎಂಬುದು ಎಷ್ಟು ಜನಕ್ಕೆ ಗೊತ್ತು? ಅದು 1937ರಲ್ಲಿ. ಮರುವರ್ಷ 1938ರಲ್ಲಿ ಮತ್ತೆ ಅವರೇ ಗೆದ್ದರು, 1948ರಲ್ಲಿ ಇನ್ನೊಮ್ಮೆ. ಬಂಗಾಳಿಗಳು ತಮ್ಮ ಗೆಲುವನ್ನು ಬರೆದಿಟ್ಟರು, ಹಾಡಿದರು, ಮಕ್ಕಳಿಗೆ ಹೇಳಿದರು. ನಾವು ನಮ್ಮ ಗೆಲುವನ್ನು ಕಪ್ಪಿನ ಜೊತೆಗೇ ಬೀರುವಿನಲ್ಲಿಟ್ಟು ಬೀಗ ಹಾಕಿದೆವು.

ಆ ಕಾಲದ ಪತ್ರಿಕೆಗಳು ಈ ಆಟವನ್ನು 'ಕಾಲ್ಚೆಂಡು' ಎಂದು ಬರೆಯುತ್ತಿದ್ದವು. ನಮ್ಮ ಬೀದಿಯಲ್ಲಿ ಅದು 'ಪುಟ್ಬಾಲು'. ಆದರೂ ಪತ್ರಿಕೆಯ ಮಾತೇ ಆ ಆಟಕ್ಕೆ ಹೆಚ್ಚು ಒಪ್ಪುತ್ತಿತ್ತು. ಏಕೆಂದರೆ ಚೆಂಡಿಗೆ ತಗಲುತ್ತಿದ್ದದ್ದು ನಿಜವಾಗಿಯೂ ಕಾಲು. ಹೆಚ್ಚಿನವರು ಬರಿಗಾಲಿನಲ್ಲಿ ಆಡುತ್ತಿದ್ದರು. ಕಾಲುಗಂಟಿಗೆ ಬಟ್ಟೆಯ ಪಟ್ಟಿಯನ್ನು ಬಿಗಿದು ಸುತ್ತಿಕೊಂಡರೆ ಆಯಿತು, ಅದೇ ಕವಚ. ಚೆಂಡಾದರೋ ತೊಗಲಿನದು, ಒಳಗೆ ರಬ್ಬರಿನ ಚೀಲ, ಹೊರಗೆ ಬಾಯಿ ಹೊಲಿದ ಲೇಸು. ಮಳೆಯಲ್ಲಿ ನೆನೆದರೆ ನೀರು ಕುಡಿದು ಕಲ್ಲಿನಂತೆ ಭಾರವಾಗುತ್ತಿತ್ತು. ಬೂಟಿಗೆ ದುಡ್ಡಿಲ್ಲದ್ದು ಒಂದು ಕಾರಣ, ಸರಿ. ಇನ್ನೊಂದು ಕಾರಣವೂ ಇತ್ತು. ಬರಿಗಾಲಿನ ಬೆರಳಿಗೆ ಚೆಂಡಿನ ಮಾತು ತಿಳಿಯುತ್ತದೆ. ಅದನ್ನು ಎಳೆಯಬಹುದು, ತಡೆಯಬಹುದು, ಹೊರಳಿಸಬಹುದು. ಬೂಟು ಹಾಕಿದವನು ಚೆಂಡನ್ನು ಹೊಡೆಯುತ್ತಾನೆ, ಬರಿಗಾಲಿನವನು ಚೆಂಡನ್ನು ಮಾತನಾಡಿಸುತ್ತಾನೆ ಎಂದು ನಮ್ಮಣ್ಣ ಹೇಳುತ್ತಿದ್ದ.

ಅಹಮದ್ ಖಾನ್ ಹುಟ್ಟಿದ್ದು 1926ರ ಡಿಸೆಂಬರ್ 24ರಂದು, ಬೆಂಗಳೂರಿನಲ್ಲಿ. ಅವರ ಮನೆತನಕ್ಕೆ ಕಾಲ್ಚೆಂಡು ಹೊಸದಲ್ಲ. ಸೋದರರಲ್ಲಿಯೂ ಹೆಸರಾದ ಆಟಗಾರರಿದ್ದರು. ಮೊದಲು ಬೆಂಗಳೂರು ಕ್ರೆಸೆಂಟ್ ತಂಡದಲ್ಲಿ, ಬಳಿಕ ಬೆಂಗಳೂರು ಮುಸ್ಲಿಮ್ಸ್ ತಂಡದಲ್ಲಿ ಅವರು ಆಡಿದರು. ಮುಂಪಡೆಯಲ್ಲಿ ಎಡ ಒಳಬದಿಯ ಸ್ಥಾನ, ಇನ್‌ಸೈಡ್ ಲೆಫ್ಟ್ ಎನ್ನುತ್ತಾರಲ್ಲ, ಅದು ಅವರದು. ಆಳು ಗಟ್ಟಿಮುಟ್ಟಾದ ಭೀಮಸೇನನಲ್ಲ. ಚೆಂಡು ಕಾಲಿಗೆ ಸಿಕ್ಕಿತೆಂದರೆ ಮಾತ್ರ ಅದನ್ನು ಬಿಡಿಸಿಕೊಳ್ಳುವುದು ದುಸ್ತರ. ಎದುರಾಳಿಯ ಕಣ್ಣನ್ನು ಒಂದು ಕಡೆಗೆ ಸೆಳೆದು, ತಾವು ಇನ್ನೊಂದು ಕಡೆಯಿಂದ ನುಸುಳಿಬಿಡುತ್ತಿದ್ದರು. ಮುಂದೆ ಅವರಿಗೆ 'ಹಾವಾಡಿಗ' ಎಂಬ ಬಿರುದು ಬಂದದ್ದು ಇದರಿಂದಲೇ.

ರಾಜ್ಯಗಳ ನಡುವಣ ಸಂತೋಷ್ ಟ್ರೋಫಿ ಪಂದ್ಯಾವಳಿ ಆರಂಭವಾದದ್ದು 1941ರಲ್ಲಿ. 1946-47ರ ಸಾಲಿನಲ್ಲಿ ಮೈಸೂರು ತಂಡ ಬೆಂಗಳೂರಿನಲ್ಲೇ ಬಂಗಾಳವನ್ನು ಸೋಲಿಸಿ ಅದನ್ನು ಗೆದ್ದುಕೊಂಡಿತು. ಕಾಲ್ಚೆಂಡಿಗೆ ಕಾಶಿಯೆನಿಸಿದ ಕಲ್ಕತ್ತೆಯವರು ಅಂದು ದಕ್ಷಿಣದ ಕಡೆಗೆ ಕಣ್ಣು ಹಾಯಿಸಿದರು. ಆ ಕಣ್ಣು ಮತ್ತೆ ಹಿಂದಕ್ಕೆ ತಿರುಗಲಿಲ್ಲ.

1948ರಲ್ಲಿ ಲಂಡನ್ನಿನಲ್ಲಿ ಒಲಿಂಪಿಕ್ ಕ್ರೀಡೆಗಳು. ಸ್ವತಂತ್ರ ಭಾರತದ ಮೊದಲ ತಂಡ. ನಾಯಕ ನಾಗಾ ನಾಡಿನ ಡಾಕ್ಟರ್ ತಾಲಿಮೆರೆನ್ ಆವ್. ಆ ತಂಡದಲ್ಲಿ ನಮ್ಮ ಮೈಸೂರು ಕಡೆಯ ಆಟಗಾರರದೇ ಒಂದು ಗುಂಪು: ಗೋಲಿನಲ್ಲಿ ನಿಲ್ಲುವ ವರದರಾಜ್, ಎಸ್. ಎ. ಬಷೀರ್, ಸಾರಂಗಪಾಣಿ ರಾಮನ್, ಮತ್ತು ಇಪ್ಪತ್ತೊಂದು ವಯಸ್ಸಿನ ಅಹಮದ್ ಖಾನ್. ಜುಲೈ 31ರಂದು ಇಲ್ಫರ್ಡ್ ಎಂಬಲ್ಲಿ ಫ್ರಾನ್ಸಿನ ಎದುರು ಆಟ. ಹನ್ನೊಂದು ಜನರಲ್ಲಿ ಎಂಟು ಜನ ಬರಿಗಾಲಿನಲ್ಲಿ ಇಳಿದರು. ಲಂಡನ್ನಿನ ಜನ ಮೊದಲು ಅಚ್ಚರಿಪಟ್ಟರು, ಆಮೇಲೆ ಚಪ್ಪಾಳೆ ತಟ್ಟಿದರು. ಫ್ರಾನ್ಸು ಮೊದಲು ಗೋಲು ಹೊಡೆಯಿತು. 70ನೆಯ ನಿಮಿಷದಲ್ಲಿ ನಮ್ಮ ರಾಮನ್ ಅದನ್ನು ಸರಿಗಟ್ಟಿದರು. ಒಲಿಂಪಿಕ್ಸಿನಲ್ಲಿ ಭಾರತದ ಮೊದಲ ಕಾಲ್ಚೆಂಡು ಗೋಲು ಅದು. ಹೊಡೆದ ಕಾಲು ಬೆಂಗಳೂರಿನದು. ಎರಡು ಪೆನಾಲ್ಟಿಗಳು ಸಿಕ್ಕವು, ಎರಡೂ ವ್ಯರ್ಥವಾದವು. ಆಟ ಮುಗಿಯಲು ಒಂದು ನಿಮಿಷ ಇದೆ ಎನ್ನುವಾಗ ಫ್ರಾನ್ಸು ಮತ್ತೊಂದು ಹೊಡೆದು ಗೆದ್ದಿತು. ಎರಡಕ್ಕೆ ಒಂದು. ಆಮೇಲೆ ಯೂರೋಪಿನ ಪ್ರವಾಸದಲ್ಲಿ ಇದೇ ತಂಡ ಹಾಲೆಂಡಿನ ಪ್ರಸಿದ್ಧ ಅಯಾಕ್ಸ್ ಕ್ಲಬ್ಬನ್ನು ಐದಕ್ಕೆ ಒಂದರಿಂದ ಸೋಲಿಸಿತು.

ಒಲಿಂಪಿಕ್ಸಿನಲ್ಲಿ ಆಡಲು ಆಗ್ಗೆ ಒಂದು ನಿಯಮವಿತ್ತು. ಆಟಗಾರ ಹವ್ಯಾಸಿಯಾಗಿರಬೇಕು, ಆಟದಿಂದ ದುಡ್ಡು ಪಡೆದವನಿಗೆ ಪ್ರವೇಶವಿಲ್ಲ. ಕೇಳುವುದಕ್ಕೆ ಬಲು ಉದಾತ್ತವಾದ ನಿಯಮ. ಮಾಡಿದವರು ಮನೆಯಲ್ಲಿ ಆಸ್ತಿಪಾಸ್ತಿ ಉಳ್ಳವರು. ಇಂಗ್ಲೆಂಡಿನ ಕಾಲ್ಚೆಂಡು ಸಂಸ್ಥೆ ಮಾತ್ರ ಈ ನಟನೆಯನ್ನು 1885ರಲ್ಲೇ ಬಿಟ್ಟು, ಆಟಗಾರರಿಗೆ ಬಹಿರಂಗವಾಗಿ ಕೂಲಿ ಕೊಡುವುದಕ್ಕೆ ಒಪ್ಪಿತ್ತು. ಆ ಕೂಲಿಗೂ ಮೇಲೊಂದು ಮಿತಿಯನ್ನು ಹಾಕಿ, 1961ರವರೆಗೆ ಅದನ್ನು ಬಿಗಿಯಾಗಿ ಹಿಡಿದಿದ್ದರು ಎಂಬುದು ಬೇರೆಯ ಮಾತು. ಮಿತಿಯನ್ನು ತೆಗೆದಾಗ ಅದು ವಾರಕ್ಕೆ 20 ಪೌಂಡು. ಏನೇ ಆಗಲಿ, ಅಲ್ಲಿ ಆಟ ಒಂದು ಕಸುಬು ಎಂಬುದಕ್ಕೆ ಕಾಗದವಿತ್ತು. ನಮ್ಮಲ್ಲಿ 'ಅವನು ಆಟಕ್ಕೆ ದುಡ್ಡು ತೆಗೆದುಕೊಳ್ಳುತ್ತಾನೆ' ಎನ್ನುವುದು ಒಂದು ಬೈಗುಳ.

1949ರಲ್ಲಿ ಅಹಮದ್ ಖಾನ್ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ಬನ್ನು ಸೇರಿದರು. ಆ ಕ್ಲಬ್ಬಿನ ಕಾರ್ಯದರ್ಶಿ ಜ್ಯೋತಿಷಚಂದ್ರ ಗುಹ ಎಂಬ ಚತುರರು ದಕ್ಷಿಣದ ಆಟಗಾರರನ್ನು ಹುಡುಕಿ ಹುಡುಕಿ ಕರೆದುಕೊಂಡು ಹೋದರು. ಅಪ್ಪಾರಾವ್, ವೆಂಕಟೇಶ್, ಧನರಾಜ್, ಸಾಲೆ, ಅಹಮದ್ ಖಾನ್. ಮುಂಪಡೆಯ ಐದೂ ಸ್ಥಾನಗಳಲ್ಲಿ ಐವರು ದಕ್ಷಿಣದವರು. ಕಲ್ಕತ್ತೆಯ ಜನ ಅವರನ್ನು ಪಂಚಪಾಂಡವರೆಂದು ಕರೆದರು. ಇವರಿದ್ದ ಕಾಲದಲ್ಲಿ ಈಸ್ಟ್ ಬೆಂಗಾಲ್ 1949, 1950, 1951 ಹೀಗೆ ಮೂರು ವರ್ಷ ಸತತವಾಗಿ ಐ.ಎಫ್.ಎ. ಷೀಲ್ಡನ್ನು ಗೆದ್ದಿತು. 1951 ಮತ್ತು 1952ರಲ್ಲಿ ದೆಹಲಿಯ ಡ್ಯುರಾಂಡ್ ಕಪ್ಪು. 1949ರಲ್ಲಿ ಬೊಂಬಾಯಿಯ ರೋವರ್ಸ್. 1953ರಲ್ಲಿ ಕ್ಲಬ್ಬು ರುಮೇನಿಯಾಕ್ಕೂ ಸೋವಿಯೆತ್ ದೇಶಕ್ಕೂ ಹೋಗಿ ಆಡಿಬಂದಿತು.

ಇದರಲ್ಲಿ ಮನಸ್ಸಿಗೆ ತಟ್ಟುವ ಒಂದು ವಿಚಾರವಿದೆ. ದೇಶ ಇಬ್ಭಾಗವಾದಾಗ ಪೂರ್ವ ಬಂಗಾಳದಿಂದ ಮನೆಮಠ ಬಿಟ್ಟು ಓಡಿಬಂದ ಲಕ್ಷಾಂತರ ಜನಕ್ಕೆ ಕಲ್ಕತ್ತೆಯಲ್ಲಿ ತಮ್ಮದು ಎಂದು ಹೇಳಿಕೊಳ್ಳಲು ಉಳಿದಿದ್ದದ್ದು, ತಮ್ಮ ನಾಡಿನ ಹೆಸರನ್ನು ಹೊತ್ತ ಈ ಕ್ಲಬ್ಬು. ಅದು ಗೆದ್ದ ದಿನ ನಿರಾಶ್ರಿತರ ಗುಡಿಸಲುಗಳಲ್ಲಿ ಹಬ್ಬ. ಆ ಹಬ್ಬವನ್ನು ತಂದುಕೊಟ್ಟವರು ಬಂಗಾಳಿ ಬಾರದ ಐವರು ದಕ್ಷಿಣದವರು. ಅವರಲ್ಲೊಬ್ಬರು ಬೆಂಗಳೂರಿನ ಮುಸಲ್ಮಾನರು. ಮತದ ಹೆಸರಿನಲ್ಲಿ ಮನೆ ಕಳೆದುಕೊಂಡು ಬಂದ ಹಿಂದೂಗಳು ತಮ್ಮ ಸಂತೋಷವನ್ನು ಅಹಮದ್ ಖಾನರ ಕಾಲಿನಲ್ಲಿ ಕಂಡುಕೊಂಡರು. ಯಾವ ಭಾಷಣವೂ ಮಾಡಲಾಗದ ಕೆಲಸವನ್ನು ಒಂದು ತೊಗಲಿನ ಚೆಂಡು ಮಾಡಿತು.

1950ರಲ್ಲಿ ಬ್ರೆಜಿಲ್ ದೇಶದಲ್ಲಿ ವಿಶ್ವಕಪ್ಪು ನಡೆಯಿತು. ಭಾರತಕ್ಕೆ ಸ್ಥಾನ ಸಿಕ್ಕಿತ್ತು. ಕರೆದವರು ಪ್ರಯಾಣದ ವೆಚ್ಚದ ಬಹುಪಾಲನ್ನು ತಾವೇ ಕೊಡುತ್ತೇವೆ ಎಂದಿದ್ದರು. ಆದರೂ ನಮ್ಮವರು ಹೋಗಲಿಲ್ಲ. ಬರಿಗಾಲಿನಲ್ಲಿ ಆಡಲು ಬಿಡದ ಕಾರಣ ಹೋಗಲಿಲ್ಲವೆಂಬ ಕಥೆ ಬಹಳ ಕಾಲ ನಡೆಯಿತು, ಈಗಲೂ ಹೇಳುವವರಿದ್ದಾರೆ. ಚರಿತ್ರೆಯನ್ನು ಶೋಧಿಸಿದವರು ಆ ಕಥೆಯನ್ನು ಒಪ್ಪುವುದಿಲ್ಲ. ನಮ್ಮ ಆಡಳಿತದವರ ಕಣ್ಣಿಗೆ ಅಂದು ಒಲಿಂಪಿಕ್ಸೇ ದೊಡ್ಡದಾಗಿ ಕಂಡಿತು, ವಿಶ್ವಕಪ್ಪಿನ ಬೆಲೆ ಅವರಿಗೆ ತಿಳಿಯಲಿಲ್ಲ. ಇಪ್ಪತ್ತಮೂರು ವಯಸ್ಸಿನ ಅಹಮದ್ ಖಾನರಿಗೆ ಆ ಬಾಗಿಲು ಮತ್ತೆ ತೆರೆಯಲಿಲ್ಲ. ಭಾರತಕ್ಕೂ ಇಂದಿನವರೆಗೆ ತೆರೆದಿಲ್ಲ.

ಮರುವರ್ಷ, 1951ರ ಮಾರ್ಚಿಯಲ್ಲಿ, ದೆಹಲಿಯಲ್ಲಿ ಮೊದಲ ಏಷ್ಯನ್ ಕ್ರೀಡೆಗಳು. ಹೈದರಾಬಾದಿನ ರಹೀಂ ಸಾಹೇಬರು ಶಿಕ್ಷಕರು, ಶೈಲೇನ್ ಮನ್ನಾ ನಾಯಕರು, ಅಹಮದ್ ಖಾನ್ ಮುಂಪಡೆಯಲ್ಲಿ. ಇಂಡೊನೇಷ್ಯವನ್ನೂ ಆಫ್ಘಾನಿಸ್ಥಾನವನ್ನೂ ಮೂರು ಮೂರು ಗೋಲುಗಳಿಂದ ಸೋಲಿಸಿ, ಅಂತಿಮ ಪಂದ್ಯದಲ್ಲಿ ಇರಾನನ್ನು ಮೇವಾಲಾಲರ ಒಂದೇ ಗೋಲಿನಿಂದ ಗೆದ್ದು, ಭಾರತ ಚಿನ್ನದ ಪದಕವನ್ನು ಪಡೆಯಿತು.

1952ರ ಜುಲೈ 15ರಂದು ಹೆಲ್ಸಿಂಕಿಯ ಒಲಿಂಪಿಕ್ಸಿನಲ್ಲಿ ನಡೆದದ್ದನ್ನು ಹೇಳದೆ ಮುಂದೆ ಹೋಗುವುದು ಅಪ್ರಾಮಾಣಿಕತೆ. ಯುಗೋಸ್ಲಾವಿಯದ ಎದುರು ಭಾರತ ಹತ್ತಕ್ಕೆ ಒಂದರಿಂದ ಸೋತಿತು. ಉತ್ತರದ ಆ ಚಳಿಯಲ್ಲಿ ಬರಿಗಾಲುಗಳು ಮರಗಟ್ಟಿದವು. ನೆಲ ಹಿಡಿತಕ್ಕೆ ಸಿಗಲಿಲ್ಲ. ಎದುರಾಳಿಗಳೂ ಸಾಮಾನ್ಯರಲ್ಲ; ಅಂತಿಮ ಪಂದ್ಯದವರೆಗೆ ಹೋಗಿ ಬೆಳ್ಳಿಯ ಪದಕ ಪಡೆದವರು. ಆ ಹತ್ತರ ಮುಂದಿನ ಒಂದು ಇದೆಯಲ್ಲ, ಅದು ಅಹಮದ್ ಖಾನರದು; ಆಟದ ಕೊನೆಯ ನಿಮಿಷಗಳಲ್ಲಿ ಹೊಡೆದದ್ದು. ಹತ್ತು ಗೋಲು ತಿಂದ ಮೇಲೂ ಚೆಂಡಿನ ಬೆನ್ನು ಬಿಡದೆ ಓಡಿದವನ ಗೋಲು. ಗೆದ್ದ ಗೋಲುಗಳಿಗಿಂತ ಆ ಗೋಲು ನನಗೆ ಹೆಚ್ಚು ಪ್ರಿಯ. ಅಲ್ಲಿಂದ ಬಂದ ಮೇಲೆ ನಮ್ಮ ಕಾಲ್ಚೆಂಡು ಸಂಸ್ಥೆ ಆಟಗಾರರಿಗೆ ಬೂಟನ್ನು ಕಡ್ಡಾಯ ಮಾಡಿತು. ಬರಿಗಾಲಿನ ಯುಗ ಮುಗಿಯಿತು.

ಈಗ ನಮ್ಮ ಮನೆಯ ಮಾತನ್ನು ಒಂದಿಷ್ಟು ಹೇಳಲು ವಾಚಕರು ಅಪ್ಪಣೆ ಕೊಡಬೇಕು. ಇದು ದೊಡ್ಡ ಚರಿತ್ರೆಗೆ ಸೇರುವ ಮಾತಲ್ಲ. ಆದರೆ ಆ ಚರಿತ್ರೆ ಒಂದು ಮನೆಯ ಬಾಗಿಲಿಗೆ ಬಂದು ನಿಂತಾಗ ಹೇಗಿತ್ತೆಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನಮ್ಮಣ್ಣ ನನಗಿಂತ ಎಂಟು ವರ್ಷಕ್ಕೆ ದೊಡ್ಡವನು. ಕೆರೆಯ ಬಳಿಯ ಬಯಲಿನಲ್ಲಿ ಆಡಿ ಆಡಿ, ಊರಿನ ಒಂದು ತಂಡದಲ್ಲಿ ಸ್ಥಾನ ಸಂಪಾದಿಸಿದ್ದ. 1957ರಲ್ಲಿ ಅವನಿಗೆ ಹತ್ತೊಂಬತ್ತು. ಒಂದು ದಿನ ಸಂಜೆ, ಧೋತರ ಉಟ್ಟು ಕೊಡೆ ಹಿಡಿದ ಬಂಗಾಳಿ ಮಹಾಶಯರೊಬ್ಬರು ಮನೆ ಹುಡುಕಿಕೊಂಡು ಬಂದರು. ಕಲ್ಕತ್ತೆಯ ಯಾವುದೋ ಕ್ಲಬ್ಬಿನ ಕಡೆಯವರು. ಅಮ್ಮ ಕಾಫಿ ಕೊಟ್ಟಳು. ನಮ್ಮ ತಂದೆಯವರು ದಂಡಿನ ಒಂದು ಕಚೇರಿಯಲ್ಲಿ ಗುಮಾಸ್ತರು. ಎದುರಿಗೆ ಕುಳಿತು ಇಂಗ್ಲಿಷಿನಲ್ಲಿ ಮಾತನಾಡಿದರು. ಬಂದವರು ಹೇಳಿದ್ದು ಇಷ್ಟು: ಊಟ ವಸತಿ ನಮ್ಮದು, ಒಂದು ಕಂಪೆನಿಯಲ್ಲಿ ಹೆಸರಿಗೊಂದು ಕೆಲಸ ಹಾಕಿಸಿಕೊಡುತ್ತೇವೆ, ಕೈಖರ್ಚಿಗೆ ಮತ್ತಷ್ಟು ಕೊಡುತ್ತೇವೆ.

ತಂದೆಯವರು ಎಲ್ಲವನ್ನೂ ಕೇಳಿ, "ಇದನ್ನೆಲ್ಲ ಒಂದು ಕಾಗದದ ಮೇಲೆ ಬರೆದುಕೊಡಿ" ಎಂದರು.

ಬಂದವರು ನಕ್ಕರು. ಅವಮಾನ ಮಾಡುವ ನಗುವಲ್ಲ. ಇಂಥಾದ್ದನ್ನು ಕಾಗದದ ಮೇಲೆ ಬರೆಯುವ ಪದ್ಧತಿಯಿಲ್ಲ ಸ್ವಾಮಿ, ಬರೆದರೆ ಹುಡುಗ ಹವ್ಯಾಸಿಯಾಗಿ ಉಳಿಯುವುದಿಲ್ಲ, ನಾಳೆ ದೇಶದ ತಂಡಕ್ಕೆ ಸೇರುವುದಕ್ಕೆ ಅಡ್ಡಿಯಾಗುತ್ತದೆ ಎಂದರು.

ಅವರು ಹೋದ ಮೇಲೆ ತಂದೆಯವರು ಅಣ್ಣನನ್ನು ಕರೆದರು. "ನೋಡಪ್ಪ, ನಾಳೆ ನಿನ್ನ ಕಾಲು ಮುರಿದರೆ ಅವರು ಬಂದು ಅನ್ನ ಹಾಕುತ್ತಾರೇನು?"

"ಅಹಮದ್ ಖಾನರಿಗೆ ಹಾಕುತ್ತಿಲ್ಲವೇ, ಅಪ್ಪ?"

"ಅವರು ಒಬ್ಬರು. ಅವರ ಹಿಂದೆ ರೈಲು ಹತ್ತಿದವರು ಎಷ್ಟು ಜನ, ತಿರುಗಿ ಬಂದವರು ಎಷ್ಟು ಜನ, ಅದನ್ನು ಹೇಳು."

ಅಣ್ಣ ಉತ್ತರ ಹೇಳಲಿಲ್ಲ. ಆ ರಾತ್ರಿ ಊಟ ಮಾಡಲಿಲ್ಲ. ಮುಂದಿನ ವರ್ಷ ಊರ ಪೂರ್ವಕ್ಕಿದ್ದ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ. ಮೂವತ್ತೆಂಟು ವರ್ಷ ದುಡಿದ. ಕಾರ್ಖಾನೆಯ ತಂಡದಲ್ಲಿ ಮೊಣಕಾಲು ಸೋಲುವವರೆಗೆ ಆಡಿದ. ಮನೆ ಕಟ್ಟಿದ, ಇಬ್ಬರು ಹೆಣ್ಣುಮಕ್ಕಳ ಮದುವೆ ಮಾಡಿದ. ತಂದೆಯವರ ಎಣಿಕೆ ತಪ್ಪಿತೆಂದು ಯಾರೂ ಹೇಳುವಂತಿಲ್ಲ. ಆದರೆ ಟ್ರಂಕಿನ ಮುಚ್ಚಳದಿಂದ ಆ ಚಿತ್ರವನ್ನು ಅವನು ಎಂದೂ ಕೀಳಲಿಲ್ಲ.

ಇದು ನಮ್ಮ ಮನೆಯೊಂದರ ಕಥೆಯಲ್ಲ. ಹಲಸೂರು, ಶಿವಾಜಿನಗರ, ಆಸ್ಟಿನ್ ಟೌನುಗಳ ಎಷ್ಟೋ ಮನೆಗಳಲ್ಲಿ ಇದೇ ಸಂಭಾಷಣೆ ನಡೆದಿರಬೇಕು. ಆ ಸಂಭಾಷಣೆಗೆ ಒಂದು ರಾಜಿಯ ಉತ್ತರವನ್ನು ಕೊಟ್ಟದ್ದು ನಮ್ಮ ಊರ ಕಾರ್ಖಾನೆಗಳು. 1940ರಲ್ಲಿ ವಿಮಾನ ಕಾರ್ಖಾನೆ, 1948ರಲ್ಲಿ ಕೃಷ್ಣರಾಜಪುರದ ಮಗ್ಗುಲಲ್ಲಿ ದೂರವಾಣಿ ಕಾರ್ಖಾನೆ, 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್. ಇಂಥ ಸಂಸ್ಥೆಗಳು ಕಾಲ್ಚೆಂಡು ತಂಡಗಳನ್ನು ಕಟ್ಟಿದವು. ಹಾಜರಿ ಪುಸ್ತಕದಲ್ಲಿ ಆಟಗಾರ ಫಿಟ್ಟರನೋ ಗುಮಾಸ್ತನೋ ಆಗಿರುತ್ತಿದ್ದ. ಸಂಜೆ ಮೈದಾನದಲ್ಲಿ ಆಟಗಾರ. ಕಾಲು ಮುರಿದರೂ ಫಿಟ್ಟರನ ಸಂಬಳ ನಿಲ್ಲುತ್ತಿರಲಿಲ್ಲ. ತಂದೆಯವರು ಕೇಳಿದ್ದ ಕಾಗದ ಹೀಗೆ ಬೇರೆ ಹೆಸರಿನಲ್ಲಿ ಸಿಕ್ಕಿತು. ಇದನ್ನು ಹೀಗಳೆಯುವವರನ್ನು ನಾನು ಒಪ್ಪುವುದಿಲ್ಲ. ಈ ಅನ್ನದ ಬಲದಿಂದಲೇ ಮೈಸೂರು ತಂಡ 1967-68ರಲ್ಲಿ ಕಟಕದಲ್ಲಿಯೂ ಮರುವರ್ಷ ಬೆಂಗಳೂರಿನಲ್ಲಿಯೂ ಬಂಗಾಳವನ್ನು ಸೋಲಿಸಿ, ಸಂತೋಷ್ ಟ್ರೋಫಿಯನ್ನು ಎತ್ತಿತು.

ರೈಲು ಹತ್ತಿದವರ ಕಥೆ ಎಲ್ಲರದೂ ಒಂದೇ ಆಗಲಿಲ್ಲ. ಅಹಮದ್ ಖಾನ್ 1959ರವರೆಗೆ, ಹತ್ತು ವರ್ಷಕ್ಕೂ ಮೇಲ್ಪಟ್ಟು, ಒಂದೇ ಕ್ಲಬ್ಬಿನಲ್ಲಿ ಆಡಿದರು. ಬಳಿಕ ಊರಿಗೆ ಮರಳಿದರು. ಕ್ರೀಡಾಪಟುಗಳಿಗಾಗಿ ಅರ್ಜುನ ಪ್ರಶಸ್ತಿಯನ್ನು ಸರಕಾರ ಆರಂಭಿಸಿದ್ದು 1961ರಲ್ಲಿ. ಇಂಗ್ಲೆಂಡಿನಲ್ಲಿ ಆಟಗಾರನ ಕೂಲಿಯ ಮಿತಿಯನ್ನು ಕಿತ್ತುಹಾಕಿದ್ದೂ ಅದೇ ವರ್ಷ. ಗೌರವವೂ ಹಣವೂ ಆಟದ ಕಡೆಗೆ ಮುಖ ತಿರುಗಿಸುವ ಹೊತ್ತಿಗೆ ಅಹಮದ್ ಖಾನರ ಕಾಲ ಮುಗಿದಿತ್ತು. ಅವರ ಬಳಿಕ ಬೆಂಗಳೂರಿನಲ್ಲಿ ಬೆಳೆದು ಕಲ್ಕತ್ತೆಗೆ ಹೋದ ಪುಂಗಂ ಕಣ್ಣನ್ ಎಂಬ ಅದ್ಭುತ ಆಟಗಾರರನ್ನು ಜನ 'ಏಷ್ಯದ ಪೆಲೆ' ಎಂದು ಕೊಂಡಾಡಿದರು. ಅವರು ಬಡತನದಲ್ಲಿಯೇ, ಕೋಲ್ಕತ್ತದಲ್ಲಿಯೇ, 2019ರಲ್ಲಿ ತೀರಿಕೊಂಡರು. ಬಿರುದಿಗೆ ಕೊರತೆಯಿರಲಿಲ್ಲ. ಕೊರತೆಯಿದ್ದದ್ದು ನಮ್ಮ ತಂದೆಯವರು ಕೇಳಿದ ಆ ಒಂದು ಕಾಗದಕ್ಕೆ.

ಪೆಲೆಯ ಹೆಸರು ಬಂದದ್ದರಿಂದ ಒಂದು ಮಾತು. ನಮ್ಮ ಹಲಸೂರಿನ ಗೌತಮಪುರದಲ್ಲಿ ಪೆಲೆಯ ವಿಗ್ರಹವಿದೆ. ಬುದ್ಧ, ಅಂಬೇಡ್ಕರ್, ಮದರ್ ತೆರೇಸ ಇವರ ಸಾಲಿನಲ್ಲಿ ಬ್ರೆಜಿಲ್ಲಿನ ಆ ಆಟಗಾರ ನಿಂತಿದ್ದಾನೆ. ವಿಶ್ವಕಪ್ಪು ಬಂದಾಗಲೆಲ್ಲ ಬೀದಿಗೆ ಹಳದಿ ಹಸಿರು ತೋರಣ ಕಟ್ಟುತ್ತಾರೆ. ಎಲ್ಲಿಯ ಬ್ರೆಜಿಲ್, ಎಲ್ಲಿಯ ಹಲಸೂರು! ಬಡ ಕೇರಿಯಿಂದ ಬಂದ ಕರಿಯ ಹುಡುಗ ಜಗತ್ತನ್ನು ಗೆದ್ದದ್ದು ಬಡ ಕೇರಿಯ ಹುಡುಗರಿಗೆ ಅರ್ಥವಾಗುತ್ತದೆ; ಅದಕ್ಕೆ ದುಭಾಷಿ ಬೇಡ. ನನ್ನ ಆಸೆ ಇಷ್ಟೆ: ಆ ಬೀದಿಯ ಹುಡುಗರಿಗೆ ಪೆಲೆಯ ಜೊತೆಗೆ ಅಹಮದ್ ಖಾನರ ಹೆಸರನ್ನೂ ಯಾರಾದರೂ ಹೇಳಬೇಕು.

ಕಾಲ ಈಗ ಬದಲಾಗಿದೆ. 2013ರಲ್ಲಿ ಬೆಂಗಳೂರು ಎಫ್.ಸಿ. ಎಂಬ ವೃತ್ತಿಪರ ಕ್ಲಬ್ಬು ಹುಟ್ಟಿತು. ಮೊದಲ ಸಾಲಿನಲ್ಲೇ ಐ-ಲೀಗನ್ನು ಗೆದ್ದಿತು. ಅಲ್ಲಿ ಆಟಗಾರರಿಗೆ ಕರಾರುಪತ್ರ ಇದೆ, 'ವೃತ್ತಿಪರ' ಎಂಬುದು ಹೊಗಳಿಕೆಯ ಮಾತಾಗಿದೆ. 2023ರ ಮಾರ್ಚಿಯಲ್ಲಿ ಸೌದಿ ಅರೇಬಿಯದ ರಿಯಾದಿನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು ಮೂರಕ್ಕೆ ಎರಡರಿಂದ ಸೋಲಿಸಿ, 54 ವರ್ಷಗಳ ಬಳಿಕ ಸಂತೋಷ್ ಟ್ರೋಫಿಯನ್ನು ಮನೆಗೆ ತಂದಿತು. ಅದನ್ನು ನೋಡಲು ಅಣ್ಣ ಇರಲಿಲ್ಲ.

ಅಹಮದ್ ಖಾನ್ 2017ರ ಆಗಸ್ಟ್ 27ರಂದು, ತೊಂಬತ್ತನೆಯ ವಯಸ್ಸಿನಲ್ಲಿ, ಬೆಂಗಳೂರಿನಲ್ಲಿ ತೀರಿಕೊಂಡರು. ಅಂದಿಗೆ ಅಣ್ಣ ಇನ್ನೂ ಇದ್ದ. ಪತ್ರಿಕೆಯಲ್ಲಿ ಬಂದ ಮರಣವಾರ್ತೆಯನ್ನು ಕತ್ತರಿಸಿ, ಟ್ರಂಕಿನ ಮುಚ್ಚಳದಲ್ಲಿ ಹಳೆಯ ಚಿತ್ರದ ಕೆಳಗೆ ಅಂಟಿಸಿದ. "ಒಂದು ಸಲವಾದರೂ ಹೋಗಿ ಮಾತನಾಡಿಸಬಹುದಾಗಿತ್ತು ಕಣೋ. ಒಂದೇ ಊರಿನಲ್ಲಿದ್ದೆವು" ಎಂದ. ಮಾತನಾಡಿಸಿದ್ದರೆ ಏನು ಕೇಳುತ್ತಿದ್ದನೋ, ನಾನು ವಿಚಾರಿಸಲಿಲ್ಲ.

ಕೆನಡಾದ ಹುಡುಗ ಇದೆಲ್ಲವನ್ನೂ ಸುಮ್ಮನೆ ಕೇಳಿದ. ಟ್ರಂಕನ್ನು ತೆರೆಸಿ ಚಿತ್ರವನ್ನು ಬಹಳ ಹೊತ್ತು ನೋಡಿದ. "ತಾತ, ಇವರ ಕಾಲಿನಲ್ಲಿ ಬೂಟೇ ಇಲ್ಲವಲ್ಲ" ಎಂದ. ಆಮೇಲೆ ಶಾಲೆಯ ಹಾಳೆಯನ್ನು ತಂದು ಹೆಸರಿನ ಅಂಕಣದಲ್ಲಿ ಅಹಮದ್ ಖಾನ್ ಎಂದು ಬರೆದ. ಹುಟ್ಟಿದ ವರ್ಷ 1926 ಎಂದು ಬರೆದ. ಉದ್ಯೋಗದ ಅಂಕಣಕ್ಕೆ ಬಂದಾಗ ಪೆನ್ನನ್ನು ಎತ್ತಿ ನನ್ನ ಮುಖ ನೋಡಿದ.

"ಕಾಲ್ಚೆಂಡು ಆಟಗಾರ ಎಂದು ಬರಿ ಮಗು" ಎಂದೆ.

"ಅಷ್ಟೇ ಸಾಕಾ?"

"ಸಾಕು. ಕಾಗದದ ಮೇಲೆ ಬರೆಯಲಿಲ್ಲವೆಂದೇ ಇಷ್ಟೆಲ್ಲ ಆದದ್ದು. ನೀನು ಬರಿ."

ಅವನು ದೊಡ್ಡ ಅಕ್ಷರಗಳಲ್ಲಿ ಬರೆದ.